ಕೊಡಗಿನಲ್ಲಿ ಕೊಲೆಯಾದವರ ಪೋಸ್ಟ್‌ಮಾರ್ಟಂ ವರದಿಗಳಿಂದ ಏನು ತಿಳಿಯುತ್ತದೆ?

ಯಾರು, ಯಾರ ಕೈಯಲ್ಲಿ ಸಾಯುತ್ತಾರೆ ಅನ್ನೋದು ಇಂಥ ವರದಿಗಳನ್ನು ಒಟ್ಟಿಗೆ ಓದಿದಾಗ ಕಾಣುತ್ತದೆ. ಜಗತ್ತಿನಾದ್ಯಂತ ಕೊಲೆಯಾಗುವವರಲ್ಲಿ ಸುಮಾರು 80% ಗಂಡಸರು, ಅದರಲ್ಲೂ ಹರೆಯದವರು ಜಾಸ್ತಿ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಲ್ಲುವುದು ಗಂಡ, ಸಂಗಾತಿ ಅಥವಾ ಮನೆಯವರೇ.

ಅಂಗೈ, ಮುಂಗೈ ಮೇಲೆ ಕತ್ತಿ ಗಾಯಗಳಿದ್ದರೆ ಕೈ ಅಡ್ಡ ಹಿಡಿದು ತಡೆದಿರುತ್ತಾರೆ. ಇಲ್ಲದಿದ್ದರೆ ನಿದ್ದೆಯಲ್ಲೋ ಕುಡಿದ ಮತ್ತಲ್ಲೋ ಇದ್ದಿರಬಹುದು. ಹೊಸ ಗಾಯದ ಪಕ್ಕ ವಾಸಿಯಾಗುತ್ತಿರುವ ಹಳೇ ಪೆಟ್ಟುಗಳು ಕಂಡರೆ, ಹೊಡೆತ ಮೊದಲಿನಿಂದಲೂ ನಡೆದಿತ್ತೇ ಎಂದು ಕೇಳಲೇಬೇಕು. ನನ್ನ ಪ್ರಕಾರ ಅತಿ ಮುಖ್ಯವಾದ ಸುಳಿವು ಅದೇ.

ಕೊಡವರಿಗೂ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಹಾಗಂತ ಎಲ್ಲವನ್ನೂ ಕೋವಿಯ ತಲೆಗೆ ಕಟ್ಟಬೇಡಿ. ಸತ್ತವರ ಕೆಲಸ, ಊರು ಕೂಡ ಬರೆದಿಡಬೇಕು. ತೋಟದ ಲೈನ್‌ಮನೆಯ ಕೂಲಿಯವರು ದಾಖಲೆಯಲ್ಲಿ ಬರೀ ಗುರುತಿಲ್ಲದ ಶವವಾಗಿ ಉಳಿಯಬಾರದು, ಅಲ್ವಾ?