ಕೊಯ್ಲು ಮುಗಿಯಲಿ ಅನ್ನುವ ಮುಂಚೆ ಕೋರೆಹಲ್ಲು ನೋಡಿಸಿ

ನಾಪೋಕ್ಲು ಕಡೆಯ ಒಬ್ಬ ತಾಯಿ ಬರೆದಿದ್ದಾರೆ: "ಮಗಳಿಗೆ 9 ವರ್ಷ. ಹುಟ್ಟುವಾಗಲೇ ಸೀಳು ತುಟಿ, ಸೀಳು ಅಂಗಳ (ಬಾಯೊಳಗಿನ ಮೇಲ್ಭಾಗದಲ್ಲಿ ಸೀಳು) ಇತ್ತು. ಕೂಸಾಗಿದ್ದಾಗಲೇ ಎರಡೂ ಆಪರೇಷನ್ ಆಯಿತು. ಈಗ ಕೆಳಗಿನ ಹಲ್ಲು ಮುಂದೆ ಬರುತ್ತಿದೆ. ಆಪರೇಷನ್ ಕೆಟ್ಟಿದೆ ಅಂತಾರೆ ನೆಂಟರು. ಡಾಕ್ಟರು ಸೊಂಟದ ಮೂಳೆ ತೆಗೆದು ಒಸಡಿಗೆ ತುಂಬಬೇಕು ಅಂದರು. ಕಾಫಿ ಕೊಯ್ಲು ಮುಗಿಯಲಿ ಅಂತ ಕಾಯಬಹುದಾ? ಗ್ರಹಣದಲ್ಲಿ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯ್ತು ಅಂತಾರೆ ಅತ್ತೆ."

ಅಮ್ಮಾ, ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕೆಳದವಡೆ ಜಾಸ್ತಿ ಬೆಳೆದಿರುವುದಿಲ್ಲ. ಮೇಲ್ದವಡೆ ಹಿಂದೆ ಉಳಿದಿರುತ್ತದೆ. ಅಂಗಳ ಹೊಲಿದ ಜಾಗದ ಗಾಯದ ಕಲೆ ಬಿಗಿಯಾಗಿರುತ್ತದೆ, ಮುಖ ಬೆಳೆಯುವಾಗ ಮೇಲ್ದವಡೆಯನ್ನು ಹಿಡಿದಿಡುತ್ತದೆ. ಒಳ್ಳೆಯ ಕೈಯಲ್ಲಿ ಆದ ಆಪರೇಷನ್ನಿನ ಮೇಲೂ ಹೀಗಾಗುವುದುಂಟು. ಶ್ರೀಲಂಕಾದಲ್ಲಿ ಆಪರೇಷನ್ನೇ ಆಗದೆ ದೊಡ್ಡವರಾದವರನ್ನು ವೈದ್ಯರು ಪರೀಕ್ಷಿಸಿದ್ದರು. ಅವರ ಮೇಲ್ದವಡೆ ಬಹುಮಟ್ಟಿಗೆ ಚೆನ್ನಾಗಿಯೇ ಬೆಳೆದಿತ್ತು. ಹಾಗಂತ ಅಂಗಳ ಹೊಲಿಸದೆ ಬಿಡಬೇಕಿತ್ತಾ? ಖಂಡಿತ ಇಲ್ಲ. ಅಂಗಳ ತೆರೆದೇ ಇದ್ದರೆ ಮಾತು ಮೂಗಿನಲ್ಲಿ ಹೋಗುತ್ತದೆ, ಕುಡಿದದ್ದು ಮೂಗಿಗೆ ಬರುತ್ತದೆ. ನೀವು ಆಗ ಮಾಡಿಸಿದ್ದು ಸರಿ.

ಈಗ ಮೂಳೆಯ ವಿಷಯ. ತುಟಿ, ಅಂಗಳ ಸೇರಿಸಿದರೂ ಹಲ್ಲು ಕೂರುವ ಮೂಳೆಯಲ್ಲಿ ಸೀಳು ಹಾಗೇ ಇರುತ್ತದೆ. ಅದರ ಪಕ್ಕದಲ್ಲಿ ಕೋರೆಹಲ್ಲು ಇಳಿಯಬೇಕು. ಮೂಳೆ ಇಲ್ಲದ ಕಡೆ ಹಲ್ಲು ಎಲ್ಲಿ ನಿಲ್ಲುತ್ತದೆ? ಅದಕ್ಕೇ ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಹೊರಗೆ ಬರುವ ಮುಂಚೆ, ಸೊಂಟದಿಂದ ಮೆತ್ತನೆಯ ಮೂಳೆ ತೆಗೆದು ಅಲ್ಲಿ ತುಂಬುತ್ತಾರೆ. ಹಲ್ಲು ಆ ಹೊಸ ಮೂಳೆಯೊಳಗಿಂದಲೇ ಇಳಿದು ಬರುತ್ತದೆ. ಇಷ್ಟು ಅಚ್ಚುಕಟ್ಟಾದ ಚಿಕಿತ್ಸೆ ನನಗಂತೂ ಬೇರೆ ಗೊತ್ತಿಲ್ಲ. ಸೊಂಟ ಕೆಲವು ದಿನ ನೋಯುತ್ತದೆ, ಹುಡುಗಿ ಸ್ವಲ್ಪ ಕುಂಟುತ್ತಾಳೆ, ಆಮೇಲೆ ಸರಿಹೋಗುತ್ತದೆ.

ಕೊಯ್ಲಿಗೆ ಕಾಯುವುದೋ ಬೇಡವೋ ಅಂತ ಆ ಕೋರೆಹಲ್ಲೇ ಹೇಳಬೇಕು. ಈ ವಾರವೇ ಎಕ್ಸ್‌ರೇ ತೆಗೆಸಿ. ಹಲ್ಲು ಇನ್ನೂ ಮೇಲಿದ್ದರೆ ಮಾರ್ಚ್‌ವರೆಗೆ ಕಾಯಬಹುದಾ ಅಂತ ಡಾಕ್ಟರನ್ನೇ ಕೇಳಿ. ಇಳಿಯುತ್ತಿದ್ದರೆ ಕಾಫಿಯನ್ನು ಬೇರೆಯವರು ಕುಯ್ಯಲಿ. ಸುಮ್ನೆ ಮುಂದಿನ ವರ್ಷಕ್ಕೆ ಮಾತ್ರ ತಳ್ಳಬೇಡಿ. 18 ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಸೀಳು ತುಟಿ, ಸೀಳು ಅಂಗಳವೂ ಅದರಲ್ಲಿ ಸೇರಿದೆ. ಶಾಲೆಗೆ ಬರುವ ಆರೋಗ್ಯ ತಂಡವನ್ನು ವಿಚಾರಿಸಿ. ಮಾತು ಸ್ಪಷ್ಟವಿಲ್ಲದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಒಮ್ಮೆ ಹೋಗಿ ಬನ್ನಿ.

ದವಡೆಯನ್ನೇ ಮುಂದೆ ತರುವ ದೊಡ್ಡ ಆಪರೇಷನ್ ಬೇಕಾದರೂ ಅದು ಸಾಮಾನ್ಯವಾಗಿ ಮುಖದ ಬೆಳವಣಿಗೆ ನಿಂತ ಮೇಲೆ. ಈಗ ಆ ಚಿಂತೆ ಬೇಡ.

ಇನ್ನು ಗ್ರಹಣದ ಮಾತು. ತುಟಿಯ ಎರಡು ಬದಿ ಕೂಡಿಕೊಳ್ಳುವುದು ಬಸಿರಿನ 4ರಿಂದ 7ನೇ ವಾರದಲ್ಲಿ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರು ಅಂತಲೇ ಗೊತ್ತಿರುವುದಿಲ್ಲ. ಗ್ರಹಣಕ್ಕೂ ನಿಮ್ಮ ಕೈಯಲ್ಲಿದ್ದ ಚಾಕುವಿಗೂ ಇದರಲ್ಲಿ ಯಾವ ಪಾತ್ರವೂ ಇಲ್ಲ. ಅತ್ತೆಯವರಿಗೆ ಈ ಪುಟ ಓದಿ ಹೇಳಿ.