ಫೋರ್ಡ್ ಉಳಿದದ್ದು ಕಾರಿನಿಂದ ಅಲ್ಲ, ಸಾಲದಿಂದ

2008-09ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಾರು ಕಂಪನಿಗಳಾದ ಜಿಎಂ (ಜನರಲ್ ಮೋಟಾರ್ಸ್), ಕ್ರೈಸ್ಲರ್ ಎರಡೂ 2009ರಲ್ಲಿ ದಿವಾಳಿ ಅರ್ಜಿ ಹಾಕಿದವು, ಫೋರ್ಡ್ ಮಾತ್ರ ಉಳಿಯಿತು, ಅದರ ಕಾರುಗಳು ಅಷ್ಟು ಚೆನ್ನಾಗಿದ್ದವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಕಾರಿಗಿಂತ ಕೈಯಲ್ಲಿದ್ದ ದುಡ್ಡೇ ಮುಖ್ಯ.

2006ರ ಕೊನೆಯಲ್ಲಿ, ಸಾಲ ಸಲೀಸಾಗಿ ಸಿಗುತ್ತಿದ್ದಾಗಲೇ, ಫೋರ್ಡ್ ತನ್ನ ಕಾರ್ಖಾನೆಗಳನ್ನು ಅಡವಿಟ್ಟು 2,300 ಕೋಟಿ ಡಾಲರ್‌ಗೂ ಜಾಸ್ತಿ ಸಾಲ ಎತ್ತಿತು. ಆ ನೀಲಿ ಲೋಗೋವನ್ನೂ ಬಿಡಲಿಲ್ಲ! ಬೋಯಿಂಗ್‌ನಿಂದ ಬಂದ ಅಲನ್ ಮುಲಾಲಿ ಆಗಷ್ಟೇ ಸಿಇಓ ಆಗಿದ್ದರು. 2008ರಲ್ಲಿ ಜಾಗ್ವಾರ್, ಲ್ಯಾಂಡ್ ರೋವರ್ ಎರಡನ್ನೂ ಟಾಟಾಗೆ ಮಾರಿದರು. ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಿದಾಗ ಫೋರ್ಡ್ ಕೈಯಲ್ಲಿ ದುಡ್ಡಿತ್ತು, ಉಳಿದ ಇಬ್ಬರು ಸರ್ಕಾರದ ಮುಂದೆ ಕೈಚಾಚಬೇಕಾಯಿತು.

ಹಾಗಂತ ಫೋರ್ಡ್ ಆರಾಮಾಗಿರಲಿಲ್ಲ. 2008ರಲ್ಲಿ 1,400 ಕೋಟಿ ಡಾಲರ್‌ಗೂ ಮೀರಿದ ನಷ್ಟ. ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿದಾಗ ದೊಡ್ಡ ಪಿಕಪ್, ಎಸ್‌ಯುವಿಗಳನ್ನು ನೆಚ್ಚಿಕೊಂಡಿದ್ದ ಮೂವರಿಗೂ ಪೆಟ್ಟು ಬಿತ್ತು. ಮುಲಾಲಿ ಅಮೆರಿಕದ ಸಂಸತ್ತಿಗೆ ಹೋಗಿ ಎದುರಾಳಿಗಳಿಗೆ ನೆರವು ಕೊಡಿ ಅಂತ ಕೇಳಿದ್ದು ಸುಮ್ನೆ ಅಲ್ಲ: ಬಿಡಿಭಾಗ ಮಾಡಿಕೊಡುವ ಕಂಪನಿಗಳು ಮೂವರಿಗೂ ಅವೇ, ಎದುರಾಳಿಗಳು ಮುಳುಗಿದರೆ ಅವೂ ಮುಳುಗಿ ಫೋರ್ಡ್‌ಗೂ ಕಷ್ಟ.

ಕಾರುಗಳನ್ನೇ ಹೋಲಿಸಿದರೆ ಫೋರ್ಡ್‌ನ ಫ್ಯೂಷನ್ ಹೈಬ್ರಿಡ್ ಒಳ್ಳೆಯ ಗಾಡಿಯಾಗಿತ್ತು. ಕ್ರೈಸ್ಲರ್ ಹತ್ತಿರ ಹೇಳಿಕೊಳ್ಳುವಂಥ ಸಣ್ಣ ಕಾರೇ ಇರಲಿಲ್ಲ. ಜಿಎಂಗೆ ಬ್ರ್ಯಾಂಡುಗಳೇ ಜಾಸ್ತಿಯಾಗಿದ್ದವು. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮೂರನ್ನೂ ಕೈಬಿಟ್ಟಿತು.

ನನಗೆ ಮಾತ್ರ ಆ ಹೊತ್ತಿನ ಜಾಣ ನಡೆ ಹ್ಯುಂಡೈನದ್ದು ಅನಿಸುತ್ತದೆ. ಕೆಲಸ ಹೋದರೆ ವರ್ಷದೊಳಗೆ ಕಾರು ವಾಪಸ್ ಕೊಡಿ ಅಂತ 2009ರಲ್ಲಿ ಅಮೆರಿಕದವರಿಗೆ ಹೇಳಿತು. ಜನರಿಗಿದ್ದ ಭಯವೇ ಅದು ಅಲ್ವಾ?