ಡಾಪ್ಲರ್‌ನಲ್ಲಿ 62, ಸಿ.ಟಿ.ಯಲ್ಲಿ 40: ಯಾವುದನ್ನು ನಂಬುವುದು?

ಪ್ರಶ್ನೆ: ತಂದೆಯವರಿಗೆ 68 ವರ್ಷ, ಬಿ.ಪಿ., ಶುಗರ್ ಎರಡೂ ಇವೆ. ಕುತ್ತಿಗೆಯ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿಸಿದಾಗ ಬಲಗಡೆಯ ರಕ್ತನಾಳದಲ್ಲಿ ‘ಸಾಫ್ಟ್ ಪ್ಲಾಕ್, 62% ಬ್ಲಾಕ್, ಪಿ.ಎಸ್.ವಿ. 110’ ಎಂದು ರಿಪೋರ್ಟ್ ಬಂತು. ಮಂಗಳೂರಿನಲ್ಲಿ ಸಿ.ಟಿ. ಆಂಜಿಯೋ ಮಾಡಿಸಿದರೆ 40% ಅಂತೆ. ಇಷ್ಟರವರೆಗೆ ಏನೂ ತೊಂದರೆ ಆಗಿಲ್ಲ. ಯಾವುದು ಸರಿ? ಆಪರೇಷನ್ ಬೇಕೇ?
– ಓದುಗರು, ಬದಿಯಡ್ಕ

ಉತ್ತರ: ಎರಡೂ ಸರಿ ಇರಬಹುದು. ಮಿದುಳಿಗೆ ಹೋಗುವ ಕ್ಯಾರೋಟಿಡ್ ನಾಳ ಕವಲೊಡೆಯುವ ಕಡೆ ಸಹಜವಾಗಿಯೇ ಸ್ವಲ್ಪ ಉಬ್ಬಿರುತ್ತದೆ. ಪ್ಲಾಕ್, ಅಂದರೆ ನಾಳದ ಒಳಗೋಡೆಯಲ್ಲಿ ಕಟ್ಟುವ ಕೊಬ್ಬು ಮುಂತಾದವುಗಳ ಪದರ, ಕೂರುವುದು ಹೆಚ್ಚಾಗಿ ಅಲ್ಲೇ. ಆ ಉಬ್ಬು 8 ಮಿ.ಮೀ. ಇದ್ದು, ರಕ್ತ ಹರಿಯಲು 3 ಮಿ.ಮೀ. ಉಳಿದಿದೆ ಎಂದುಕೊಳ್ಳಿ. 8ಕ್ಕೆ ಹೋಲಿಸಿದರೆ ಬ್ಲಾಕ್ 62%. ಮೇಲಿನ ಸಪೂರ ನಾಳದ 5 ಮಿ.ಮೀ.ಗೆ ಹೋಲಿಸಿದರೆ 40%. ಆಪರೇಷನ್ನಿನ ತೀರ್ಮಾನಕ್ಕೆ ಇಂದು ಹೆಚ್ಚಾಗಿ ಬಳಸುವುದು ಈ ಎರಡನೆಯ ಲೆಕ್ಕ, ‘ನ್ಯಾಸೆಟ್’ ಪದ್ಧತಿ. ಯಾವ ಪದ್ಧತಿ ಎಂದು ಬರೆಯದ ರಿಪೋರ್ಟಿನ ಶೇಕಡಾಕ್ಕೆ ಅರ್ಧ ಬೆಲೆ ಅಷ್ಟೆ.

ನಿಮ್ಮ ಡಾಪ್ಲರಿನಲ್ಲೇ ಇನ್ನೊಂದು ಸಾಕ್ಷಿ ಇದೆ: ಪಿ.ಎಸ್.ವಿ. 110, ಅಂದರೆ ಹೃದಯ ಬಡಿದಾಗ ರಕ್ತ ಹರಿಯುವ ಗರಿಷ್ಠ ವೇಗ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಇಲ್ಲಿಯೂ ಹಾಗೆಯೇ. 2003ರ ತಜ್ಞರ ಒಮ್ಮತದ ಸೂತ್ರದಂತೆ ಈ ವೇಗ ಸೆಕೆಂಡಿಗೆ 125 ಸೆಂ.ಮೀ. ಒಳಗಿದ್ದರೆ ಬ್ಲಾಕ್ 50%ಗಿಂತ ಕಡಿಮೆ, 125ರಿಂದ 230 ಇದ್ದರೆ 50–69%, ಅದಕ್ಕೂ ಮೇಲೆ ಹೋದರೆ 70% ಅಥವಾ ಹೆಚ್ಚು. ಅಂದರೆ ನಿಮ್ಮ ಡಾಪ್ಲರಿನ ವೇಗ ಸಿ.ಟಿ.ಯ ಪರವಾಗಿಯೇ ಇದೆ.

ವೇಗವೂ ತಪ್ಪಬಹುದು. ಅಲ್ಟ್ರಾಸೌಂಡ್ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ನಿಜವಾದ ಕೋನ 60 ಇದ್ದು, ಪರದೆಯಲ್ಲಿ ಕೋನ ಗುರುತಿಸುವ ಗೆರೆಯನ್ನು 65ಕ್ಕೆ ಇಟ್ಟರೆ, 120 ಇರಬೇಕಾದದ್ದು 142 ಎಂದು ಕಾಣುತ್ತದೆ. ಐದು ಡಿಗ್ರಿಗೆ ರೋಗಿ ಮೇಲಿನ ಗುಂಪಿಗೆ ಸೇರಿಬಿಡುತ್ತಾನೆ! ಆಚೆ ಬದಿಯ ನಾಳ ಪೂರ್ತಿ ಮುಚ್ಚಿದ್ದರೆ ಈಚೆ ವೇಗ ಹೆಚ್ಚುತ್ತದೆ. ಬಹುತೇಕ ಮುಚ್ಚಿಹೋದ ನಾಳದಲ್ಲಿ ಉಲ್ಟಾ, ವೇಗ ಬಿದ್ದೇಹೋಗುತ್ತದೆ. ಕ್ಯಾಲ್ಸಿಯಂ ಗಟ್ಟಿಯಾಗಿದ್ದರೆ ಅದರ ನೆರಳಲ್ಲಿ ಏನೂ ಕಾಣುವುದಿಲ್ಲ. ಸಂಶಯ ಬಂದಾಗ ಸಿ.ಟಿ. ಬೇಕಾಗುವುದು ಇದಕ್ಕೇ.

ಶೇಕಡಾಕ್ಕಿಂತ ನಾವು ಗಮನ ಕೊಡುವ ಮಾತು ‘ಸಾಫ್ಟ್’. ಅಲ್ಟ್ರಾಸೌಂಡಿನಲ್ಲಿ ಕಪ್ಪಾಗಿ ಕಾಣುವ ಪ್ಲಾಕಿನಲ್ಲಿ ಕೊಬ್ಬು ಅಥವಾ ಒಳಗೆ ಜಿನುಗಿದ ರಕ್ತ ಇರುತ್ತದೆ. ಒಡೆದು ಚೂರು ಮಿದುಳಿಗೆ ಹೋಗುವ ಭಯ ಅದಕ್ಕೇ ಜಾಸ್ತಿ. ಬೆಳ್ಳಗೆ ಗಟ್ಟಿಯಾದದ್ದು ಸಾಮಾನ್ಯವಾಗಿ ಸುಮ್ಮನೆ ಕುಳಿತಿರುತ್ತದೆ.

ಲಕ್ಷಣವಿಲ್ಲದೆ 40% ಇರುವವರಿಗೆ ಆಪರೇಷನ್ ಬೇಡ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬಿ.ಪಿ., ಶುಗರಿನ ಹಿಡಿತ ಬೇಕು. ಬೀಡಿ ಮಾತ್ರವಲ್ಲ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪೂ ಬಿಡಬೇಕು. ಆಸ್ಪಿರಿನ್ ಬೇಕೇ ಎಂಬುದನ್ನು ವೈದ್ಯರೇ ಹೇಳಲಿ. ಮುಂದಿನ ಡಾಪ್ಲರನ್ನು 6ರಿಂದ 12 ತಿಂಗಳೊಳಗೆ, ಆದಷ್ಟು ಅದೇ ಲ್ಯಾಬಿನಲ್ಲಿ, ಹಳೆಯ ಚಿತ್ರಗಳನ್ನೂ ಒಯ್ದು ಮಾಡಿಸಿ. ಖಾಲಿ ಹೊಟ್ಟೆ ಬೇಕಿಲ್ಲ.

ಬಲಗಣ್ಣಿಗೆ ಪರದೆ ಇಳಿದಂತೆ ಕತ್ತಲಾದರೆ, ಎಡಗೈ ಸೋತರೆ, ಬಾಯಿ ಓರೆಯಾದರೆ, ಹತ್ತು ನಿಮಿಷದಲ್ಲಿ ಸರಿಹೋದರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪಾರ್ಶ್ವವಾಯುವಿಗೆ ಕೊಡುವ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ನಿಮ್ಮಲ್ಲಿಂದ ಮಂಗಳೂರಿಗೆ ದಾರಿಯಲ್ಲೇ ಒಂದು ಗಂಟೆ ಮೀರುವುದರಿಂದ, ತಂದೆಯವರು ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಂಡೇ ಗಾಡಿ ಹತ್ತಿ.